ಗಿರಣಗಾಂವಿಗೆ ಒಂದು ಪಯಣ

ನಮ್ಮ ಪತ್ರಿಕೆಯಲ್ಲಿ ಪ್ರವಾಸ ಲೇಖನ ಬರೆಯುವವರು ಸಾಮಾನ್ಯವಾಗಿ ಬದರೀನಾಥಕ್ಕೋ ಕಾಶ್ಮೀರಕ್ಕೋ ಹೋಗಿಬಂದವರು. ಹಿಮ, ದೇವದಾರು, ಬಿಸಿನೀರಿನ ಕುಂಡ ಇವುಗಳ ವರ್ಣನೆಯಿಲ್ಲದಿದ್ದರೆ ಅಂಥ ಲೇಖನಕ್ಕೆ ಕಳೆಯೇ ಬಾರದು. ಸರ್ಕಾರಿ ಆಫೀಸಿನ ಗುಮಾಸ್ತೆಯಾದ ನನ್ನ ರಜೆಯ ಲೆಕ್ಕವಾಗಲಿ ಜೇಬಿನ ಲೆಕ್ಕವಾಗಲಿ ಅಷ್ಟು ದೂರಕ್ಕೆ ಒಪ್ಪುವಂಥದಲ್ಲ. ಆದ್ದರಿಂದ ನಾನು ಬರೆಯಹೊರಟಿರುವ ಪ್ರವಾಸ ಡೊಂಬಿವಲಿಯಿಂದ ಪ್ರಭಾದೇವಿಯವರೆಗಿನದು. ಸುಮಾರು 40 ಕಿಲೋಮೀಟರು ದಾರಿ, ಒಂದು ಹಗಲು, ಒಂದು ದಿನದ ಸಾಂದರ್ಭಿಕ ರಜೆ. ಹೋದದ್ದು ದೇವರ ದರ್ಶನಕ್ಕಲ್ಲ, ಸಂದರ್ಶನಕ್ಕೆ. ಅದೂ ನನ್ನದಲ್ಲ, ನನ್ನ ಅಕ್ಕನ ಮಗಳದು.

ಮನೆಯಲ್ಲಿ ಆಕೆಯನ್ನು ನಾವೆಲ್ಲ ಪುಟ್ಟಿ ಎಂದೇ ಕರೆಯುವುದು. ವಯಸ್ಸು ಇಪ್ಪತ್ತೆರಡು, ಬಿ.ಕಾಂ. ಮುಗಿಸಿದ್ದಾಳೆ. ಲೆಕ್ಕಪರಿಶೋಧನೆಯ ಬಹು ದೊಡ್ಡ ಸಂಸ್ಥೆಯೊಂದರಲ್ಲಿ ಪದವೀಧರರಿಗಾಗಿ ಇರುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಜಗತ್ತಿನ ನಾಲ್ಕು ದೊಡ್ಡವುಗಳಲ್ಲಿ ಒಂದು ಎಂದರೆ ಸಾಕು. ಭಾವನವರಿಗೆ ಭಿವಂಡಿಯ ಸಾರಿಗೆ ಆಫೀಸಿನಲ್ಲಿ ರಾತ್ರಿ ಪಾಳಿ. ಹಾಗಾಗಿ ಹುಡುಗಿಯ ಜೊತೆಗೆ ಹೋಗುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಅವಳಿಗೇನೂ ಜೊತೆ ಬೇಕಿರಲಿಲ್ಲ, ಬೇಕಿದ್ದದ್ದು ಅಕ್ಕನಿಗೆ.

ಸಂದರ್ಶನ ಎಂದರೆ ಒಂದು ದಿನದ ಮಾತೆಂದು ತಿಳಿದಿದ್ದೆ. ಈಗ ಅದು ನಾಲ್ಕು ಮೆಟ್ಟಿಲಿನ ಹತ್ತುವಿಕೆ. ಮೊದಲನೆಯದು ಕಂಪ್ಯೂಟರಿನಲ್ಲಿ ತುಂಬುವ ಅರ್ಜಿ. ಎರಡನೆಯದು ಮನೆಯಲ್ಲೇ ಕುಳಿತು ಗಡಿಯಾರ ನೋಡುತ್ತ ಬರೆಯುವ ಲೆಕ್ಕ ಮತ್ತು ತರ್ಕದ ಪರೀಕ್ಷೆ. ಮೂರನೆಯದು ಎಲ್ಲಕ್ಕಿಂತ ವಿಚಿತ್ರ: ಎದುರಿಗೆ ಮನುಷ್ಯನೇ ಇಲ್ಲ, ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಕ್ಯಾಮೆರಾದ ಕಣ್ಣಿಗೆ ಉತ್ತರ ಹೇಳಬೇಕು. ಆ ದಿನ ಕುಕ್ಕರು ಸೀಟಿ ಹಾಕೀತೆಂದು ಅಕ್ಕ ಗ್ಯಾಸು ಆರಿಸಿ, ಅಡುಗೆಮನೆಯಲ್ಲಿ ಕೈಕಟ್ಟಿ ನಿಂತಿದ್ದಳಂತೆ. ಇವನ್ನೆಲ್ಲ ದಾಟಿದವರಿಗೆ ಮಾತ್ರ ನಾಲ್ಕನೆಯ ಮೆಟ್ಟಿಲು, ಅಂದರೆ ಆಫೀಸಿಗೇ ಹೋಗಿ ಅಧಿಕಾರಿಗಳ ಮುಂದೆ ಕೂರುವುದು.

ಈ ನಾಲ್ಕು ಸಂಸ್ಥೆಗಳ ಕಥೆಯೂ ಸ್ವಾರಸ್ಯದ್ದೇ. ವಿಲಿಯಂ ವೆಲ್ಚ್ ಡೆಲಾಯ್ಟ್ ಎಂಬಾತ ಲಂಡನ್ನಿನಲ್ಲಿ ತನ್ನ ಆಫೀಸು ತೆರೆದದ್ದು 1845ರಲ್ಲಿ. ಸ್ಯಾಮ್ಯುಯೆಲ್ ಲೋವೆಲ್ ಪ್ರೈಸ್ ತನ್ನದನ್ನು ತೆರೆದದ್ದು 1849ರಲ್ಲಿ. ಆಗ ಅಲ್ಲಿ ರೈಲುದಾರಿಗಳ ಕಾಲ. ಊರೂರಿನ ಜನ ರೈಲು ಕಂಪನಿಗಳಲ್ಲಿ ಹಣ ಹಾಕಿದ್ದರು. ಹಾಕಿದವನು ಒಂದು ಕಡೆ, ಖರ್ಚು ಮಾಡುವವನು ಇನ್ನೊಂದು ಕಡೆ. ಹೀಗಾದಾಗ ಇಬ್ಬರಿಗೂ ಸೇರದ ಮೂರನೆಯವನೊಬ್ಬ ಲೆಕ್ಕ ನೋಡಿ 'ಸರಿಯಿದೆ' ಎನ್ನಬೇಕಾಗುತ್ತದೆ. ಲೆಕ್ಕಪರಿಶೋಧಕನ ಉದ್ಯೋಗ ಬೆಳೆದದ್ದೇ ಈ ಅಗತ್ಯದಿಂದ. ನಮ್ಮ ದೇಶದಲ್ಲಿ ಈ ವೃತ್ತಿಗೆ ಕಾನೂನಿನ ಕಟ್ಟು ಬಂದದ್ದು 1949ರಲ್ಲಿ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆ ಆ ವರ್ಷದ ಜುಲೈ 1ರಂದು ಹುಟ್ಟಿತು. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಸಂಸ್ಥೆಗಳು ಎಂಟಿದ್ದವು. 1989ರಲ್ಲಿ ವಿಲೀನವಾಗಿ ಆರಾದವು, 1998ರಲ್ಲಿ ಐದು. ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕದ ಹಗರಣದಲ್ಲಿ ಆರ್ಥರ್ ಆಂಡರ್ಸನ್ ಮುಳುಗಿದ ಮೇಲೆ, 2002ರಲ್ಲಿ ನಾಲ್ಕು ಉಳಿದವು. 'ಸರಿಯಿದೆ' ಎಂಬ ಒಂದು ಮಾತನ್ನು ನಂಬುವವರಿಲ್ಲದೆ ಹೋದರೆ ಎಷ್ಟು ದೊಡ್ಡ ಮನೆಯೂ ನಿಲ್ಲುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಆಡಿಟ್ ಎಂದರೆ ನನಗೂ ಗೊತ್ತಿಲ್ಲದ ವಸ್ತುವಲ್ಲ. ಆದರೆ ನಾನು ಕಂಡಿರುವುದು ಬೇಲಿಯ ಆಚೆ ಬದಿಯಿಂದ. ನಮ್ಮ ಆಫೀಸಿಗೆ ಆಡಿಟ್ ಪಾರ್ಟಿ ಬಂದಿತೆಂದರೆ ಫ್ಯಾನಿನ ಸದ್ದೂ ತಗ್ಗಿದಂತೆ ತೋರುತ್ತದೆ. 'ಈ ವೋಚರು ಎಲ್ಲಿ? ಈ ರುಜು ಯಾರದು?' ಎಂದು ಹಾಫ್ ಮಾರ್ಜಿನ್ ಕಾಗದ ಬಂದಾಗ, ಎಡಬದಿಯ ಪ್ರಶ್ನೆಗೆ ಬಲಬದಿಯಲ್ಲಿ ಉತ್ತರ ಬರೆಯುವ ಭಾಗ್ಯ ನನ್ನದು. ಮುಂದೆ ನಮ್ಮ ಪುಟ್ಟಿಯೇ ಎಡಬದಿಯಲ್ಲಿ ಬರೆಯುವವಳಾಗುತ್ತಾಳಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು.

ಏಳು ಗಂಟೆಯ ಆಸುಪಾಸಿನ ಫಾಸ್ಟ್ ಲೋಕಲಿಗೆ ಹೊರಟೆವು. ಅವಳು ಹೆಂಗಸರ ಡಬ್ಬಿಗೆ, ನಾನು ಗಂಡಸರ ಡಬ್ಬಿಗೆ. ಅಂದಮೇಲೆ ಜೊತೆಗೆ ಹೋದದ್ದು ಎಂಬುದು ಮಾತಿಗೆ ಮಾತ್ರ. ಡೊಂಬಿವಲಿಯಲ್ಲಿ ಗಾಡಿ ಹತ್ತುವ ವಿದ್ಯೆಯನ್ನು ಇಲ್ಲಿ ವರ್ಣಿಸುವುದಿಲ್ಲ. ಬಲ್ಲವರು ಬಲ್ಲರು, ಅರಿಯದವರು ನಂಬಲಾರರು. ಮುಂಬ್ರಾದ ಗುಡ್ಡ, ಅದರ ಬುಡದಲ್ಲಿ ಖಾರಿಯ ನೀರು, ಇವೆರಡೂ ಇನ್ನೊಬ್ಬರ ಕಂಕುಳ ಸಂದಿಯಲ್ಲಿ ಒಂದು ಕ್ಷಣ ಮಿಂಚಿ ಮರೆಯಾದವು. ನಮ್ಮ ಪಾಲಿನ ಕಾಶ್ಮೀರ ಅಷ್ಟೆ.

ದಾದರಿನಲ್ಲಿ ಇಳಿದಾಗ ಪುಟ್ಟಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕುಳಿತು ಚಪ್ಪಲಿ ಬಿಚ್ಚಿ, ಚೀಲದಿಂದ ಹೊಸ ಬೂಟು ತೆಗೆದು ಹಾಕಿಕೊಂಡಳು. ಗಾಡಿಯಲ್ಲಿ ತುಳಿಸಿಕೊಂಡ ಬೂಟು ಹಾಕಿಕೊಂಡು ಹೋಗಬಾರದೆಂದು ಅವಳ ಏರ್ಪಾಡು. ಅಕ್ಕ ಸೀರೆ ಉಡು ಎಂದಿದ್ದಳು. ಇವಳು ಕೇಳದೆ ಇಸ್ತ್ರಿ ಮಾಡಿದ ಪ್ಯಾಂಟು, ಬಿಳಿಯ ಅಂಗಿ ತೊಟ್ಟಿದ್ದಳು. ಸೇತುವೆ ಏರಿ ಪಶ್ಚಿಮದ ಲೈನಿಗೆ ದಾಟುವಾಗ ಹೂವಿನ ಮಾರ್ಕೆಟ್ಟಿನ ಕಡೆಯಿಂದ ಚೆಂಡುಹೂವಿನ ವಾಸನೆ ಬಂತು. ಅಲ್ಲಿಂದ ಒಂದೇ ಸ್ಟೇಷನ್ನು, ಪ್ರಭಾದೇವಿ. 2018ರವರೆಗೆ ಇದರ ಹೆಸರು ಎಲ್ಫಿನ್‌ಸ್ಟನ್ ರೋಡ್. 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ಇಲ್ಲಿಯ ಕಾಲುಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಜನ ಸತ್ತರು. ಅವರಲ್ಲಿ ಹಲವರು ನಮ್ಮಂತೆಯೇ ಆಫೀಸಿಗೆ ಹೊರಟವರು. ಆ ನೆನಪಿನಿಂದ ನನ್ನ ಕೈ ತಾನಾಗಿ ಪುಟ್ಟಿಯ ಚೀಲದ ಪಟ್ಟಿಯನ್ನು ಹಿಡಿದುಕೊಂಡಿತು.

ಸ್ಟೇಷನ್ನಿನಿಂದ ಸೇನಾಪತಿ ಬಾಪಟ್ ಮಾರ್ಗದಲ್ಲಿ ನಡೆಯುತ್ತಿರುವಾಗ, ಅನುಭವಸ್ಥನೆಂಬ ಠೀವಿಯಿಂದ ನಾನು ಕೊನೆಯ ಉಪದೇಶ ಕೊಟ್ಟೆ. 'ನೋಡು, ಮನೆಯ ವಿಷಯ ಕೇಳಿದರೆ ಅಜ್ಜಯ್ಯನ ಸಂಗತಿಯನ್ನೆಲ್ಲ ಬಿಡಿಸಿಹೇಳುವ ಅಗತ್ಯವಿಲ್ಲ. ಹಾಸ್ಪಿಟಾಲಿಟಿ ಕ್ಷೇತ್ರದಲ್ಲಿದ್ದರು ಎಂದರೆ ಸಾಕು. ಅದು ಸುಳ್ಳೂ ಅಲ್ಲ.'

ಪುಟ್ಟಿ 'ಹೂಂ' ಎಂದಳು. ಆ ಹೂಂಗಾರ ಒಪ್ಪಿಗೆಯದೋ ಅಲ್ಲವೋ ತಿಳಿಯಲಿಲ್ಲ.

ಅಜ್ಜಯ್ಯ ಎಂದರೆ ನನ್ನ ಅಪ್ಪಯ್ಯ. ಕುಂದಾಪುರದ ಕಡೆಯ ಹಳ್ಳಿಯಿಂದ 1964ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಅವರು ಬಂದದ್ದು ಘಟ್ಟ ಹತ್ತಿ ಇಳಿದು, ಬಸ್ಸು ಬದಲಿಸುತ್ತ. ಪರಳದ ಗಿರಣಿಯೊಂದರ ಬಾಗಿಲೆದುರಿಗಿದ್ದ ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದರು, ಟೇಬಲ್ಲು ಒರೆಸಿದರು, ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ಕೊನೆಗೆ ಅದೇ ಹೋಟೆಲಿನ ಗಲ್ಲೆಯಲ್ಲಿ ಕುಳಿತರು. ನಮ್ಮ ಸಂಘದ ಎಷ್ಟೋ ಮನೆಗಳ ಹಿರಿಯರ ಕಥೆ ಇದೇ ಅಲ್ಲವೆ? ಆದರೂ ಆ ಕಥೆಯನ್ನು ನಾವು ಸಂಘದ ವೇದಿಕೆಯ ಮೇಲೆ ಹೇಳಿಕೊಂಡಷ್ಟು ಸುಲಭವಾಗಿ ಹೊರಗೆ ಹೇಳುವುದಿಲ್ಲ.

ಕಟ್ಟಡ ಬಂತು. ತಲೆ ಎತ್ತಿದರೆ ಕುತ್ತಿಗೆ ನೋಯುವಷ್ಟು ಎತ್ತರ, ಮೈತುಂಬ ಗಾಜು. ಒಳಗೆ ದೇವಸ್ಥಾನದ ಪ್ರಾಕಾರದಂತೆ ವಿಶಾಲವಾದ ಹಜಾರ. ಪುಟ್ಟಿಯ ಫೋಟೋ ತೆಗೆದು, ಗುರುತಿನ ಚೀಟಿ ಕೊಟ್ಟು, ತಾನಾಗಿ ತೆರೆಯುವ ಗೇಟಿನ ಆಚೆಗೆ ಕಳಿಸಿದರು. ಮಾವನಿಗೆ ಚೀಟಿ ಇಲ್ಲ. ಕಾವಲುಗಾರ ಬಹಳ ಮರ್ಯಾದೆಯಿಂದಲೇ ನನ್ನನ್ನು ಹೊರಗೆ ಕಳಿಸಿದ. ಅವಳು ಲಿಫ್ಟಿನ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಹದಿನೆಂಟು ವರ್ಷಗಳ ಹಿಂದೆ ಬಾಲವಾಡಿಯ ಬಾಗಿಲಲ್ಲಿ ಬಿಟ್ಟುಬಂದಾಗ ನೋಡಿದ್ದಳಲ್ಲ, ಅದೇ ನೋಟ.

ಮುಂದಿನ ಮೂರು ಗಂಟೆ ನಾನು ಗಿರಣಗಾಂವಿನಲ್ಲಿ ಸುತ್ತಿದೆ. ಗಿರಣಗಾಂವ್ ಎಂದರೆ ಗಿರಣಿಗಳ ಊರು. ಪರಳ, ಲಾಲ್‌ಬಾಗ್, ಲೋವರ್ ಪರಳ, ವರಳಿ ಇವೆಲ್ಲ ಸೇರಿದ ಪ್ರದೇಶಕ್ಕೆ ಮರಾಠಿ ಜನ ಕೊಟ್ಟ ಹೆಸರು. ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಕಾವಸ್‌ಜಿ ನಾನಾಭಾಯ್ ದಾವರ್ ಸ್ಥಾಪಿಸಿದ್ದು 1854ರಲ್ಲಿ, ತಾರದೇವಿನಲ್ಲಿ. ಆಮೇಲೆ ಒಂದರ ಪಕ್ಕಕ್ಕೊಂದು ಎದ್ದು, ಈ ಪ್ರದೇಶದ ಆಕಾಶವೇ ಚಿಮಣಿಗಳಿಂದ ತುಂಬಿತು. ಪಾಳಿ ಬದಲಾಗುವಾಗ ಭೋಂಗಾ ಊದುತ್ತಿತ್ತು. ಅಪ್ಪಯ್ಯನಿಗೆ ಗಡಿಯಾರ ಬೇಕಿರಲಿಲ್ಲ. ಆ ಸದ್ದು ಕೇಳಿ ಹಾಲು ಒಲೆಗೇರಿಸಿದರೆ, ಜನ ಬಾಗಿಲು ದಾಟಿ ಬರುವಷ್ಟರಲ್ಲಿ ಚಹಾ ಸಿದ್ಧ.

1982ರ ಜನವರಿ 18ರಂದು ಭೋಂಗಾ ನಿಂತಿತು. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯಿತೆಂದು ಯಾರೂ ಅಧಿಕೃತವಾಗಿ ಸಾರಲೇ ಇಲ್ಲ, ಹಾಗೆಯೇ ಕರಗಿಹೋಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮಗಳು ಗಿರಣಿಯ ನೆಲದ ಮಾರಾಟಕ್ಕೆ ದಾರಿ ಮಾಡಿದವು. ಆಮೇಲೆ ಈ ಗಾಜಿನ ಗೋಪುರಗಳು ಎದ್ದವು. ಫೀನಿಕ್ಸ್ ಗಿರಣಿ ಇದ್ದಲ್ಲಿ ಈಗ ದೊಡ್ಡ ಮಾಲು. ಹಳೆಯ ಚಿಮಣಿಯೊಂದನ್ನು ಮಾತ್ರ ಹಾಗೆಯೇ ಉಳಿಸಿದ್ದಾರೆ. ಅದರ ಬುಡದಲ್ಲಿ ನಿಂತು ಹುಡುಗ ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ಹೊಗೆ ಬಿಡದ ಚಿಮಣಿ ನೋಡಲು ಚೆಂದವೇ.

ಹಿಂದಿರುಗಿ ಕಟ್ಟಡದ ಹಿಂಬದಿಯ ಗಲ್ಲಿಯಲ್ಲಿ ಅರ್ಧ ಲೋಟ ಚಹಾ ಕುಡಿಯುತ್ತ ನಿಂತೆ. ಪಕ್ಕದಲ್ಲಿ ಪಾಳಿ ಮುಗಿಸಿದ ಕಾವಲುಗಾರನೊಬ್ಬ ನಿಂತಿದ್ದ. ಮಾತಿಗೆ ಮಾತು ಬಂತು. ಆತನ ತಂದೆ ಇಲ್ಲಿಯೇ ಎಲ್ಲೋ ನೂಲಿನ ಖಾತೆಯಲ್ಲಿದ್ದರಂತೆ. 'ಅವರು ಬಾಗಿಲ ಒಳಗೆ ದುಡಿದರು, ನಾನು ಬಾಗಿಲು ಕಾಯುತ್ತೇನೆ' ಎಂದು ಮರಾಠಿಯಲ್ಲಿ ಹೇಳಿ ನಕ್ಕ. ಆ ತಂದೆ ನಮ್ಮ ಅಪ್ಪಯ್ಯನ ಹೋಟೆಲಿನಲ್ಲಿ ಉದ್ರಿ ಇಟ್ಟವರಲ್ಲಿ ಒಬ್ಬರಿರಬಹುದೇ ಎಂದು ನನ್ನ ಮನಸ್ಸಿಗೆ ಬಂತು. ಕೇಳಲಿಲ್ಲ.

ಒಂದು ಗಂಟೆಗೆ ಪುಟ್ಟಿ ಹೊರಬಂದಳು. ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. 'ಮಾವ, ಹಸಿವು' ಎಂದಳು, ಅಷ್ಟೆ. ಮಾಟುಂಗಾಕ್ಕೆ ಹೋಗಿ, ಸ್ಟೇಷನ್ನಿನ ಪಕ್ಕದಲ್ಲಿ 1942ರಿಂದ ನಡೆದುಬಂದಿರುವ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಮುಂದೆ ಕುಳಿತೆವು. ಸಾರು ಅನ್ನ ಕಲಸುತ್ತ ಅವಳು ಹೇಳತೊಡಗಿದಳು.

ಮೊದಲು ಎಂಟು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ, ನಷ್ಟದಲ್ಲಿರುವ ಅಂಗಡಿಯೊಂದರ ಲೆಕ್ಕ ಕೊಟ್ಟು ಚರ್ಚಿಸಿ ಎಂದರಂತೆ. ಎಲ್ಲರೂ ಒಟ್ಟಿಗೆ ಮಾತನಾಡಿದರು. ಇವಳು ಒಬ್ಬ ಹುಡುಗನ ಮಾತು ಅರ್ಧಕ್ಕೆ ನಿಂತಾಗ ಅದನ್ನು ಮುಂದುವರಿಸಲು ಹೇಳಿದಳು. ಆಮೇಲೆ ಮ್ಯಾನೇಜರರೊಬ್ಬರ ಪ್ರಶ್ನೆಗಳು. ಸವಕಳಿಯನ್ನು ಲೆಕ್ಕದಲ್ಲಿ ಹೇಗೆ ಬರೆಯುತ್ತೀರಿ? ವರ್ಷಾಂತ್ಯದ ದಾಸ್ತಾನಿಗೆ ಹೆಚ್ಚು ಬೆಲೆ ಕಟ್ಟಿದರೆ ಲಾಭಕ್ಕೇನಾಗುತ್ತದೆ? ಬ್ಯಾಂಕಿನ ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೊದಲು ಏನು ನೋಡುತ್ತೀರಿ? ಇವೆಲ್ಲ ಪಠ್ಯಪುಸ್ತಕದವೇ; ಓದಿದ್ದವಳಿಗೆ ಕಷ್ಟವಾಗಲಿಲ್ಲ.

ಕೊನೆಯವರು ಸಂಸ್ಥೆಯ ಪಾಲುದಾರರು. ಐವತ್ತರ ಆಸುಪಾಸಿನ ಹೆಂಗಸು. ಅರ್ಜಿಯನ್ನು ನೋಡಿ, 'ಅನುಭವ ಎಂಬಲ್ಲಿ ಏನೂ ಬರೆದಿಲ್ಲ. ಪುಸ್ತಕದ ಹೊರಗೆ, ನಿಜವಾದ ಲೆಕ್ಕ ಎಂಬುದನ್ನು ಎಲ್ಲಾದರೂ ಕಂಡಿದ್ದೀಯಾ?' ಎಂದು ಕೇಳಿದರಂತೆ.

'ಏನು ಹೇಳಿದೆ?' ಎಂದೆ. ನನ್ನ ಕೈಯ ತುತ್ತು ಅಲ್ಲಿಯೇ ನಿಂತಿತ್ತು.

'ಅಜ್ಜಯ್ಯನ ಉದ್ರಿ ಪುಸ್ತಕ ಕಂಡಿದ್ದೇನೆ ಅಂದೆ.'

ವಾಚಕರಿಗೆ ಈ ಪುಸ್ತಕದ ಸಂಗತಿ ಹೇಳಬೇಕು. ಮುಷ್ಕರ ಶುರುವಾದಾಗ ಹೋಟೆಲಿನ ಪುಸ್ತಕದಲ್ಲಿ 164 ಜನ ಕಾರ್ಮಿಕರ ಉದ್ರಿ ಇತ್ತು. ಪಗಾರದ ದಿನ ತೀರಿಸುತ್ತಿದ್ದವರು. ಈಗ ಪಗಾರವೇ ಇಲ್ಲ. ಕೆಲವು ತಿಂಗಳು ಕಳೆದ ಮೇಲೆ ಯಜಮಾನರು ನೊಂದು, 'ಆ ಹಾಳೆಗಳನ್ನು ಹರಿದುಹಾಕು, ನೋಡಿದರೆ ಹೊಟ್ಟೆ ಉರಿಯುತ್ತದೆ' ಎಂದರು. ಅಪ್ಪಯ್ಯ ಹರಿಯಲಿಲ್ಲ. ಊರಿನ ವಿಳಾಸ ಗೊತ್ತಿದ್ದವರನ್ನು ಒಂದು ಪಟ್ಟಿ ಮಾಡಿದರು, ಇನ್ನೂ ಚಾಳಿನಲ್ಲಿದ್ದವರನ್ನು ಒಂದು ಪಟ್ಟಿ, ಸುಳಿವೇ ಇಲ್ಲದವರನ್ನು ಇನ್ನೊಂದು. ಮೂರನೆಯ ಪಟ್ಟಿಗೆ ಮಾತ್ರ ಕೆಂಪು ಶಾಯಿಯ ಗೆರೆ. ಗೆರೆಯ ಕೆಳಗೂ ಹೆಸರು ಓದುವಂತೆಯೇ ಉಳಿಯಿತು. ಏಳು ವರ್ಷಗಳ ಮೇಲೆ ರತ್ನಾಗಿರಿ ಕಡೆಯವನೊಬ್ಬ, ಕೆಂಪು ಗೆರೆಯವನೇ, ಹುಡುಕಿಕೊಂಡು ಬಂದು 37 ರೂಪಾಯಿ ಚಿಲ್ಲರೆ ಕೊಟ್ಟುಹೋದ. ಹೆಸರು ಉಳಿದಿದ್ದರಿಂದ ಅವನ ಲೆಕ್ಕ ಮುಗಿಸಲು ಸಾಧ್ಯವಾಯಿತು. ಹೋಟೆಲು ಮುಚ್ಚಿದಾಗ ಯಜಮಾನರು ಪುಸ್ತಕವನ್ನು ಅಪ್ಪಯ್ಯನಿಗೇ ಕೊಟ್ಟರು. ಈಗ ಅದು ನಮ್ಮ ಮನೆಯ ಟ್ರಂಕಿನಲ್ಲಿದೆ.

ಪುಟ್ಟಿ ಇದನ್ನೆಲ್ಲ ಹೇಳಿ, 'ಕಾಲೇಜಿನಲ್ಲಿ ಸಂಶಯದ ಸಾಲಕ್ಕೆ ಪ್ರಾವಿಜನ್, ಬಾರದ ಸಾಲಕ್ಕೆ ರೈಟ್ ಆಫ್, ಮತ್ತೆ ಬಂದರೆ ಅದನ್ನು ಆದಾಯಕ್ಕೆ ಸೇರಿಸುವುದು ಎಂದು ಕಲಿಸಿದರು. ಅಜ್ಜಯ್ಯನ ಮೂರು ಪಟ್ಟಿ ನೋಡಿದ್ದರಿಂದ ಅದು ನನಗೆ ಬೇಗ ತಿಳಿಯಿತು' ಎಂದಳಂತೆ.

ಪಾಲುದಾರರು ಅಲ್ಲಿಗೆ ಬಿಡಲಿಲ್ಲ. 'ಆ ಯಜಮಾನ ಬ್ಯಾಂಕಿನಲ್ಲಿ ಸಾಲ ಕೇಳುವುದಕ್ಕಾಗಿ, ಈ ಉದ್ರಿಯೆಲ್ಲ ಬರತಕ್ಕ ಹಣ ಎಂದು ತೋರಿಸಿದರೆ?'

'ಯಾರು ಯಾರಿಂದ, ಯಾವ ಆಧಾರದಿಂದ ಎಂದು ಕೇಳುತ್ತೇನೆ. ಆಧಾರವಿಲ್ಲದಷ್ಟನ್ನು ಒಪ್ಪುವುದಿಲ್ಲ.'

'ಅವನು ನಮ್ಮ ದೊಡ್ಡ ಗಿರಾಕಿ. ನಿನ್ನ ಮೇಲಿನವಳಾದ ನಾನೇ ಒಪ್ಪು ಎಂದರೆ?'

ಇಲ್ಲಿ ಪುಟ್ಟಿಗೆ ಕೂಡಲೆ ಮಾತು ಹೊರಡಲಿಲ್ಲವಂತೆ. ಹೊಸದಾಗಿ ಸೇರಿದವಳು ಪಾಲುದಾರರಿಗೆ ಇಲ್ಲ ಎನ್ನಬಲ್ಲೆನೆಂದು ಎದೆ ತಟ್ಟಿ ಹೇಳುವುದು ಅವಳಿಗೆ ಸುಳ್ಳೆನಿಸಿತು. ಸ್ವಲ್ಪ ಹೊತ್ತಾದ ಮೇಲೆ, 'ಮೊದಲು ನನ್ನ ಸಂಶಯವನ್ನು ಕಾಗದದ ಮೇಲೆ ಬರೆದಿಡುತ್ತೇನೆ. ಆಮೇಲೆ ನಿಮ್ಮ ಕಾರಣ ಕೇಳುತ್ತೇನೆ. ಬರೆದದ್ದನ್ನು ಮಾತ್ರ ಹರಿಯುವುದಿಲ್ಲ' ಎಂದಳು. ಅವರು ಏನನ್ನೋ ಗುರುತು ಹಾಕಿಕೊಂಡು, 'ಸರಿ' ಎಂದು ಎದ್ದರು.

ನನಗೆ ಊಟ ಸೇರಲಿಲ್ಲ. 'ಹಾಸ್ಪಿಟಾಲಿಟಿ ಎಂದು ಹೇಳೆಂದಿದ್ದೆನಲ್ಲ' ಎಂದೆ, ಕೊಂಚ ಗಡುಸಾಗಿಯೇ.

'ಹೇಳಬೇಕು ಅಂತಲೇ ಇದ್ದೆ ಮಾವ. ಬಾಯಿಗೆ ಬರಲಿಲ್ಲ. ಅಜ್ಜಯ್ಯ ಹಾಸ್ಪಿಟಾಲಿಟಿಯಲ್ಲಿ ಎಲ್ಲಿದ್ದರು? ಹೋಟೆಲಿನಲ್ಲಿದ್ದರು.'

ಆಗ ನಾನು, ಮನೆಯಲ್ಲಿ ಯಾರಿಗೂ ಹೇಳದ ಒಂದು ವಿಷಯವನ್ನು ಅವಳಿಗೆ ಹೇಳಿದೆ. 2011ರಲ್ಲಿ, ಬಿ.ಎ. ಮುಗಿಸಿದ ಹೊಸತರಲ್ಲಿ, ನಾನೂ ಇಂಥದೇ ಒಂದು ಸಂಸ್ಥೆಗೆ, ಕಡತ ವಿಭಾಗದ ಕೆಲಸಕ್ಕೆ, ಸಂದರ್ಶನಕ್ಕೆ ಹೋಗಿದ್ದೆ. ಕೋಟೆ ಪ್ರದೇಶದ ಹಳೆಯ ಕಲ್ಲುಕಟ್ಟಡ. ತಂದೆ ಏನು ಮಾಡುತ್ತಾರೆ ಎಂದು ಕೇಳಿದರು. 'ಬಿಸಿನೆಸ್' ಎಂದೆ. ಯಾವ ಬಿಸಿನೆಸ್? 'ಹೋಟೆಲ್.' ಎಷ್ಟು ಹೋಟೆಲು, ಎಲ್ಲೆಲ್ಲಿ? ಅಲ್ಲಿಂದ ಮುಂದೆ ನನ್ನ ನಾಲಿಗೆ ಒಣಗಿತು. ತಪ್ಪಿಸಿಕೊಳ್ಳಲು ಹೇಳಿದ ಒಂದೊಂದು ಮಾತೂ ಇನ್ನೊಂದು ಸುಳ್ಳನ್ನು ಕೇಳುತ್ತಿತ್ತು. ಲೆಕ್ಕ ನೋಡುವುದೇ ಉದ್ಯೋಗವಾದವರ ಮುಂದೆ ತಪ್ಪು ಲೆಕ್ಕ ಎಷ್ಟು ಹೊತ್ತು ನಿಂತೀತು? ಅವರು ನಕ್ಕು, ವಂದನೆ ಹೇಳಿ ಕಳಿಸಿದರು. ಸಂಜೆ ಅಪ್ಪಯ್ಯ ಬಾಗಿಲಲ್ಲೇ ನಿಂತು 'ಎಂತ ಕೇಳಿದರು ಮಗಾ?' ಎಂದಾಗ, 'ಇಂಗ್ಲಿಷ್ ಇನ್ನೂ ಚೆನ್ನಾಗಿ ಬೇಕಂತೆ' ಎಂದುಬಿಟ್ಟೆ. ಅಪ್ಪಯ್ಯ ಅದನ್ನು ನಂಬಿ, ಮರುದಿನ ತಾವೇ ಹೋಗಿ ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದನ್ನು ತಂದುಕೊಟ್ಟರು. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಒಮ್ಮೆಯೂ ತೆರೆದಿಲ್ಲ.

ಪುಟ್ಟಿ ಏನೂ ಹೇಳಲಿಲ್ಲ. ತನ್ನ ಎಲೆಯಲ್ಲಿದ್ದ ಪಾಯಸದ ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

ಸಂಜೆ ಮನೆಗೆ ಬಂದಾಗ ಅಪ್ಪಯ್ಯ ಬಾಗಿಲಲ್ಲೇ ಇದ್ದರು. ಪುಟ್ಟಿ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವರು ಕಣ್ಣುಮುಚ್ಚಿ ಕೇಳಿದರು. ಆಡಿಟ್ ಎಂಬ ಮಾತು ಹುಟ್ಟಿದ್ದು 'ಕೇಳು' ಎಂಬರ್ಥದ ಲ್ಯಾಟಿನ್ ಮಾತಿನಿಂದ. ಹಿಂದಿನ ಕಾಲದಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದುತ್ತಿದ್ದರು, ಪರಿಶೋಧಕ ಕುಳಿತು ಕೇಳುತ್ತಿದ್ದ. ಅಂದು ನಮ್ಮ ಮನೆಯಲ್ಲಿ ನಡೆದದ್ದೂ ಹಾಗೆಯೇ. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

'ರತ್ನಾಗಿರಿಯವನು ಎಷ್ಟು ಕೊಟ್ಟ ಅಂತ ಹೇಳಿದೆ?'

'ಮೂವತ್ತೇಳು ರೂಪಾಯಿ, ಅಜ್ಜಯ್ಯ.'

'ಮೂವತ್ತೇಳು ರೂಪಾಯಿ ನಲವತ್ತು ಪೈಸೆ. ನಲವತ್ತು ಪೈಸೆ ಎಂತಕ್ಕೆ ಬಿಟ್ಟೆ?'

ನಾನು ಬಟ್ಟೆ ಬದಲಿಸಲೆಂದು ಒಳಗೆ ಹೋದೆ. 2011ರ ವಿಷಯ ಅವರಿಗೆ ಅಂದೂ ಹೇಳಲಿಲ್ಲ. ಈ ಸಂಚಿಕೆ ಮನೆಗೆ ಬಂದಾಗ ಅವರೇ ಓದುತ್ತಾರೆ; ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು ಅವರು. ಎದುರಿಗೆ ನಿಂತು ಹೇಳಲಾರದ್ದನ್ನು ಇಲ್ಲಿ ಬರೆದಿದ್ದೇನೆ.

ಹತ್ತೊಂಬತ್ತನೆಯ ದಿನ ಮಿಂಚಂಚೆ ಬಂತು. ಪುಟ್ಟಿಗೆ ಕೆಲಸವಾಯಿತು. ಸಂಬಳ ನಾವು ಊಹಿಸಿದ್ದಕ್ಕಿಂತ ಕಡಿಮೆ, ದುಡಿಮೆಯ ಹೊತ್ತು ಅವಳು ಊಹಿಸಿದ್ದಕ್ಕಿಂತ ಹೆಚ್ಚು ಎಂದು ಆಮೇಲೆ ತಿಳಿಯಿತು. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಗೂ ಓದಬೇಕು. ಅದಿಲ್ಲದೆ ಲೆಕ್ಕಕ್ಕೆ ರುಜು ಹಾಕುವ ಅಧಿಕಾರ ಬಾರದು. ಅವಳಿಗೆ ಕೆಲಸ ಕೊಟ್ಟದ್ದು ಉದ್ರಿ ಪುಸ್ತಕವೋ, ದಾಸ್ತಾನಿನ ಪ್ರಶ್ನೆಗೆ ಕೊಟ್ಟ ಸರಿಯುತ್ತರವೋ ನಾನರಿಯೆ. ಓದದೆ ಹೋಗಿದ್ದರೆ ಅಜ್ಜಯ್ಯನ ಕಥೆಯೊಂದರಿಂದಲೇ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂಬುದಂತೂ ನಿಜ. ಆದರೆ ನಮ್ಮ ಮಕ್ಕಳು ಇಂಥ ಗಾಜಿನ ಬಾಗಿಲುಗಳ ಮುಂದೆ ನಿಲ್ಲುವಾಗ, ಚಪ್ಪಲಿಯನ್ನು ಚೀಲದೊಳಗೆ ಇಟ್ಟಂತೆ ಮನೆಯ ಹಿರಿಯರನ್ನೂ ಒಳಗೆ ಮುಚ್ಚಿಡಬೇಕೆಂದು ನಾವೇ ಕಲಿಸುತ್ತೇವೆ. ನಾನು ಕಲಿಸಿದ್ದೆ. ಅದು ತಪ್ಪೆಂದು ಹೇಳುವುದಕ್ಕಾಗಿಯೇ ಇಷ್ಟು ಬರೆದೆ.

ಕೆಲಸಕ್ಕೆ ಸೇರುವ ಹಿಂದಿನ ಭಾನುವಾರ ಪುಟ್ಟಿ ನಮ್ಮ ಮನೆಗೆ ಬಂದಳು. ಅಪ್ಪಯ್ಯ ಟ್ರಂಕು ತೆರೆದು ಉದ್ರಿ ಪುಸ್ತಕ ಹೊರಗೆ ತೆಗೆದರು. 'ತಗೋ, ಒಂದು ಪುಟ ಕೂಡಿಸು' ಎಂದರು. ಅವಳು ಪೆನ್ಸಿಲು ಹಿಡಿದು ಕೂಡಿಸಿ, ಮತ್ತೆ ಕೂಡಿಸಿ, ಸಂಕೋಚದಿಂದ, 'ಅಜ್ಜಯ್ಯ, ಮೂರು ರೂಪಾಯಿ ವ್ಯತ್ಯಾಸ ಬರುತ್ತದಲ್ಲ' ಎಂದಳು.

ಅಪ್ಪಯ್ಯನ ಮುಖ ಬಿಳುಪೇರಿತು. ಆ ರಾತ್ರಿ ಅವರು ಮಲಗಿದಂತೆ ಕಾಣಲಿಲ್ಲ. ಅಡುಗೆಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಬೆಳಿಗ್ಗೆ ನಾನೇಳುವಷ್ಟರಲ್ಲಿ ಪುಟ್ಟಿಗೆ ಫೋನು ಹೋಗಿತ್ತು. ಅವರು ಅಂಕಿಗಳನ್ನು ಬರೆದದ್ದು ಕನ್ನಡದಲ್ಲಿ. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಮ್ಮ ಆಡಿಟರು ಒಂದು ಕಡೆ ೬ ಎಂಬುದನ್ನು ೯ ಎಂದು ಓದಿದ್ದಳು.

'ಲೆಕ್ಕ ಸರಿಯಿದೆ' ಎಂದು ಅಪ್ಪಯ್ಯ ಪುಸ್ತಕ ಮುಚ್ಚಿ ಟ್ರಂಕಿಗೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, 'ಮುಂದಿನ ಭಾನುವಾರ ಅವಳನ್ನು ಬರಹೇಳು. ಕನ್ನಡದ ಅಂಕಿ ಹತ್ತೇ ಇರುವುದು, ಒಂದು ದಿನ ಸಾಕು' ಎಂದು ಹೇಳಿ ಚಹಾಕ್ಕೆ ನೀರಿಟ್ಟರು.